ಮಗ ಕೊಟ್ಟ ಮಾತ್ರೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ. ಟೈಪು ಮಾಡಿದ ಎರಡು ಹಾಳೆ, ಪ್ರತಿ ಪ್ಯಾರಾಕ್ಕೂ ಒಂದು ಸಂಖ್ಯೆ, ಕೊನೆಯಲ್ಲಿ ಲಗತ್ತುಗಳ ವಿವರ. ಸಾಮಾನ್ಯವಾಗಿ ಠಾಣೆಗೆ ಬರುವವರು ಮೊದಲು ಅಳುತ್ತಾರೆ, ಆಮೇಲೆ ಬಯ್ಯುತ್ತಾರೆ, ನಡೆದದ್ದೇನು ಎಂಬುದು ಎರಡನೆಯ ಲೋಟ ನೀರಿನ ಹೊತ್ತಿಗೆ ಹೊರಬೀಳುತ್ತದೆ. ಇವರು ಹಾಗಲ್ಲ. ಕಾಲೇಜಿನ ಪ್ರೊಫೆಸರು. ಎರಡು ಎಂ.ಎ., ಮೇಲೊಂದು ಡಾಕ್ಟರೇಟು. ದಫೇದಾರ ತಾನು ಕೂತಿದ್ದ ಕುರ್ಚಿಯನ್ನೇ ಒರೆಸಿ ಅವರ ಕಡೆ ಸರಿಸಿದ.

ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದಳು. ಎರಡು ಸಲ ಓದುವುದು ಅವಳ ಅಭ್ಯಾಸ. ಮನೆ ಬೀಗ ಹಾಕಿ ಗೇಟಿನವರೆಗೆ ಹೋದವಳು ವಾಪಸ್ ಬಂದು ಬೀಗ ಎಳೆದು ನೋಡುವ ಜಾತಿಯವಳು ಅವಳು. ಠಾಣೆಯಲ್ಲಿ ಇದಕ್ಕೆ ನಗುವವರಿದ್ದರು, ಆದರೆ ಅವಳ ಎದುರಿಗೆ ಅಲ್ಲ.

ದೂರಿನ ಸಾರಾಂಶ ಇಷ್ಟು: ಪ್ರೊಫೆಸರರ ತಾಯಿಗೆ ಎಪ್ಪತ್ನಾಲ್ಕು ವರ್ಷ. ಊರಿನ ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಆಕೆಯದು. ಬುದ್ಧಿಯ ಸ್ಥಿಮಿತ ತಪ್ಪಿದೆ ಎಂದು ವೈದ್ಯರು ಕಳೆದ ತಿಂಗಳು ವರದಿ ಕೊಟ್ಟಿದ್ದಾರೆ. ತಾಯಿಯ ಪರವಾಗಿ ಎಲ್ಲ ತೀರ್ಮಾನ ತೆಗೆದುಕೊಳ್ಳುವ ಪೋಷಕನಾಗಿ ತನ್ನನ್ನು ನೇಮಿಸಬೇಕೆಂದು ಪ್ರೊಫೆಸರರು ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಾರೆ. ಬರುವ ಗುರುವಾರ ಹನ್ನೊಂದು ಗಂಟೆಗೆ ಮೂವರು ವೈದ್ಯರ ಮಂಡಳಿ ಆಕೆಯನ್ನು ಮತ್ತೊಮ್ಮೆ ಪರೀಕ್ಷೆ ಮಾಡಬೇಕು. ಅಷ್ಟರಲ್ಲಿ ಭಾನುವಾರ ಬೆಳಿಗ್ಗೆ ತಾಯಿ ನಾಪತ್ತೆ. ಅಪಹರಿಸಿದವಳು ತನ್ನ ತಂಗಿ.

"ತಂಗಿ ಮೇಲೆ ಅನುಮಾನ ಯಾಕೆ ಸರ್?" ಇನ್‌ಸ್ಪೆಕ್ಟರ್ ಕೇಳಿದಳು.

"ಲಾಂಡ್ರಿ ನಡೆಸ್ತಿರೋದು ಅವಳು. ನಾನು ಪೋಷಕ ಆದ್ರೆ ಅದು ಅವಳ ಕೈ ತಪ್ಪುತ್ತೆ."

"ಗುರುವಾರ ಅಮ್ಮ ಮಂಡಳಿ ಮುಂದೆ ಬರದೇ ಇದ್ರೆ ಏನಾಗುತ್ತೆ?"

"ಮೊದಲ ವರದಿಯೇ ಗಟ್ಟಿಯಾಗುತ್ತೆ."

"ಅಂದ್ರೆ ನಿಮ್ಮ ಕಡೆಗೇ ಆಗುತ್ತೆ. ಹಾಗಾದ್ರೆ ಬಚ್ಚಿಟ್ಟು ತಂಗಿಗೇನು ಲಾಭ?"

ಪ್ರೊಫೆಸರರು ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಗೆ ನಗುವಂತೆ ನಕ್ಕರು. "ಅಷ್ಟು ದೂರ ಯೋಚನೆ ಮಾಡೋ ಬುದ್ಧಿ ಅವಳಿಗೆಲ್ಲಿಂದ ಬರಬೇಕು ಮೇಡಂ. ಒಂಬತ್ತನೇ ಕ್ಲಾಸಲ್ಲಿ ಎರಡು ಸಲ ಫೇಲು."

ದಫೇದಾರನೂ ನಕ್ಕ. ಇನ್‌ಸ್ಪೆಕ್ಟರಿಗೂ ಆ ಉತ್ತರ ಆ ಕ್ಷಣಕ್ಕೆ ಸರಿಯೆಂದೇ ಕಂಡಿತು. ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಆರೋಪಿ ಕಾಲಂನಲ್ಲಿ ತಂಗಿ.

"ಎಷ್ಟು ಚೆನ್ನಾಗಿ ಬರ್ದಿದಾರೆ ನೋಡಿ ಮೇಡಂ," ಪ್ರೊಫೆಸರರು ಜೀಪಿನ ಕಡೆ ನಡೆದ ಮೇಲೆ ದಫೇದಾರ ಹೇಳಿದ. "ನಮ್ಮ ಹುಡುಗಿಗೂ ಇವರೇ ಪಾಠ ಮಾಡೋದು. ಇಂಥ ಮಗ ನಮ್ಮ ಹೊಟ್ಟೇಲಿ ಹುಟ್ಟಿದ್ರೆ ಸಾಕಿತ್ತು."

"ಅವರ ಅಮ್ಮ ಏನು ಓದಿದ್ದಾರಂತೆ?"

"ಓದಿರ್ತಾರೆ ಬಿಡಿ. ಇಲ್ದಿದ್ರೆ ಇಂಥ ಮಗ ಹುಟ್ತಾನಾ?"

*

ಹನ್ನೊಂದು ಗಂಟೆಗೆ ಪ್ರೊಫೆಸರರ ಮನೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಪ್ರೊಫೆಸರರ ಹೆಂಡತಿ ತೀರಿಕೊಂಡು ಐದು ವರ್ಷ. ಲಾಂಡ್ರಿಯ ಮಹಡಿಯಲ್ಲಿ ಇರುತ್ತಿದ್ದ ತಾಯಿ ಮೂರು ತಿಂಗಳ ಹಿಂದೆ ಮೆಟ್ಟಿಲಲ್ಲಿ ಜಾರಿಬಿದ್ದ ಮೇಲೆ, ನೋಡಿಕೊಳ್ಳುತ್ತೇನೆಂದು ಇವರೇ ಇಲ್ಲಿಗೆ ಕರೆತಂದಿದ್ದರು. ಮುಂಬಾಗಿಲಿನಿಂದ ತಾಯಿಯ ಕೋಣೆಗೆ ಹೋಗುವ ಪಡಸಾಲೆಯ ಎರಡೂ ಗೋಡೆಗೆ ಪದವಿಪತ್ರಗಳು, ಗಾಜು ಹಾಕಿಸಿ, ಧೂಳಿಲ್ಲದಂತೆ.

ಕೋಣೆ ಸಣ್ಣದು. ಒಂದು ಮಂಚ, ಒಂದು ಕಪಾಟು, ಕಿಟಕಿಗೆ ಕಬ್ಬಿಣದ ಸರಳು. ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತು ನೋಡಿದಳು. ಹಾಸಿಗೆಯ ಮೇಲಿನ ಹೊದಿಕೆಯನ್ನು ನಾಲ್ಕು ಮೂಲೆಗೂ ಮಡಚಿ, ಬಿಗಿಯಾಗಿ ಒಳಗೆ ಸೇರಿಸಲಾಗಿತ್ತು. ಮೇಲೆ ಒಂದು ಸುಕ್ಕಿಲ್ಲ.

"ಹಾಸಿಗೆ ಸರಿ ಮಾಡಿದ್ದು ಯಾರು?"

"ಯಾರೂ ಮುಟ್ಟಿಲ್ಲ. ಅಮ್ಮನೇ ಎದ್ದ ಕೂಡಲೇ ಮಾಡ್ತಿದ್ರು. ಅದೊಂದು ಚಟ."

ಅಪಹರಣಕ್ಕೆ ಒಳಗಾಗುವವರು ಹಾಸಿಗೆ ಸರಿ ಮಾಡಿ ಹೋಗುತ್ತಾರೆಯೇ? ಬುದ್ಧಿಯ ಸ್ಥಿಮಿತ ತಪ್ಪಿದವರು ಹೀಗೆ ಮೂಲೆ ಮಡಚುತ್ತಾರೆಯೇ? ಅವಳು ಹಾಸಿಗೆ ಇದ್ದ ರೀತಿಯನ್ನು ಬರೆಸಿದಳು. ಬಾಗಿಲಿನ ಬೋಲ್ಟು ಹೊರಗಡೆ ಇತ್ತು. ತಿರುಪುಗಳು ಹೊಸವು, ಇನ್ನೂ ಹೊಳೆಯುತ್ತಿದ್ದವು. ಅದನ್ನೂ ಬರೆಸಿದಳು.

"ಇದು ಯಾಕೆ ಸರ್?"

"ಎದ್ದು ಎಲ್ಲೆಂದರಲ್ಲಿ ಹೋಗ್ತಾರೆ. ಅವರ ಕ್ಷೇಮಕ್ಕೇ."

"ಮಾತ್ರೆ ಯಾರು ಕೊಡ್ತಿದ್ರು?"

"ನಾನೇ. ಬೇರೆ ಯಾರನ್ನು ನಂಬೋದು?"

ಆ ಮಾತಿನಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೂ ಜೀಪು ಹತ್ತುವಾಗ ಇನ್‌ಸ್ಪೆಕ್ಟರ್ ತಿರುಗಿ ಆ ಮನೆಯನ್ನು ನೋಡಿದಳು, ಬೀಗ ಹಾಕಿದ್ದೇನೋ ಇಲ್ಲವೋ ಎಂದು ತಿರುಗಿ ನೋಡುವ ಹಾಗೆ.

*

ಲಾಂಡ್ರಿ ಊರಿನ ಹಿಂಬದಿಯಲ್ಲಿ, ಉದ್ದನೆಯ ಶೆಡ್ಡು. ಒಳಗೆ ಕಾಲಿಡುತ್ತಿದ್ದಂತೆ ಹಬೆ ಮುಖಕ್ಕೆ ಬಡಿಯಿತು. ಒಂದು ಕಡೆ ನೀರು ಹಿಂಡುವ ಯಂತ್ರ ಗಡಗಡ ಅಲುಗುತ್ತಿತ್ತು, ಇನ್ನೊಂದು ಕಡೆ ಉದ್ದ ಮೇಜಿನ ಎದುರು ಬದುರು ನಿಂತ ಹೆಂಗಸರು ಆಸ್ಪತ್ರೆಯ ಹಾಸುಬಟ್ಟೆಗಳನ್ನು ಇಬ್ಬಿಬ್ಬರಾಗಿ ಎಳೆದು ಮಡಚುತ್ತಿದ್ದರು. ಪೊಲೀಸರನ್ನು ಕಂಡರೂ ಯಾರ ಕೈಯೂ ನಿಲ್ಲಲಿಲ್ಲ.

ಪ್ರೊಫೆಸರರ ತಂಗಿಗೆ ನಲವತ್ತೆಂಟರ ಆಸುಪಾಸು. ತೋಳು ಮಡಚಿಕೊಂಡು ಬಂದು ನಿಂತಳು.

"ನಿಮ್ಮಮ್ಮ ಎಲ್ಲಿ?"

"ಗೊತ್ತು. ಹೇಳಲ್ಲ."

"ಹೇಳದೇ ಇದ್ರೆ ಅರೆಸ್ಟ್ ಮಾಡಬೇಕಾಗುತ್ತೆ."

"ಮಾಡಿ. ಯಂತ್ರ ಆಫ್ ಮಾಡಿ ಬರ್ತೀನಿ, ಒಂದು ನಿಮಿಷ."

"ನೀವೇ ಕರ್ಕೊಂಡು ಹೋಗಿದ್ದಾ?"

"ನಮ್ಮಮ್ಮನ್ನ ಕರ್ಕೊಂಡು ಹೋಗೋಕೆ ಆಗುತ್ತಾ ಮೇಡಂ? ಅವಳು ಹೋದ ಕಡೆ ನಾವು ಹೋಗಬೇಕು, ಅಷ್ಟೇ. ತಾನಾಗೇ ಹೋಗಿದಾಳೆ. ತಾನಾಗೇ ಬರ್ತಾಳೆ."

"ನಿಮ್ಮಣ್ಣ ಅಷ್ಟು ಓದಿದವರು, ಸುಮ್ಮನೆ ಕಂಪ್ಲೇಂಟ್ ಕೊಡ್ತಾರಾ?" ದಫೇದಾರ ಬಾಯಿ ಹಾಕಿದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಂಗೆ ಎರಡು ಸಲ ಪರೀಕ್ಷೇಲಿ ಕೂತು ಗೊತ್ತು ಸಾಹೇಬ್ರೇ. ಫೇಲಾದೋರಿಗೆ ಒಂದು ಅನುಕೂಲ ಇದೆ. ಎಲ್ಲಿ ತಪ್ಪಾಯ್ತು ಅಂತ ಯೋಚನೆ ಮಾಡ್ತಾರೆ. ನಮ್ಮಣ್ಣ ಒಂದು ದಿನಾನೂ ಫೇಲಾಗಿಲ್ಲ."

ಮಡಚುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ದಫೇದಾರ ಟೋಪಿ ಸರಿ ಮಾಡಿಕೊಂಡ.

ಅವಳನ್ನು ಅಂದೇ ಬಂಧಿಸಬಹುದಿತ್ತು. ಇನ್‌ಸ್ಪೆಕ್ಟರ್ ನೋಟಿಸು ಕೊಟ್ಟು ಹೊರಟಳು. ಸಂಜೆ ಮೇಲಧಿಕಾರಿ ಫೋನು ಮಾಡಿ ಕಾರಣ ಕೇಳಿದಾಗ ಹಾಸಿಗೆಯ ಮೂಲೆಗಳ ವಿಷಯ ಹೇಳಿದಳು.

"ಹಾಸಿಗೆ ನೋಡ್ಕೊಂಡು ಕೇಸ್ ನಡೆಸ್ತೀಯೇನಮ್ಮ? ಬುಧವಾರದೊಳಗೆ ಮುಗಿಸು."

*

ಮುಗಿಸಲು ಮಂಗಳವಾರ ಬೆಳಿಗ್ಗೆ ಪ್ರೊಫೆಸರರ ತಾಯಿ, ಊರಿನವರ ಬಾಯಲ್ಲಿ ಲಾಂಡ್ರಿ ಅಮ್ಮ, ತಾನೇ ಬಂದಳು. ಬಸ್ಸಿನಲ್ಲಿ ಬಂದು, ರಸ್ತೆ ದಾಟಿ, ಠಾಣೆಯ ಮೆಟ್ಟಿಲು ಹತ್ತಿ, ಕಾವಲಿಗಿದ್ದ ಮಹಿಳಾ ಪೇದೆಗೆ "ನನ್ನನ್ನ ಹುಡುಕ್ತಿದೀರಂತಲ್ಲ, ತಗೊಳ್ಳಿ" ಎಂದಳು. ಕಡ್ಡಿಯಂಥ ಹೆಂಗಸು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳು ನಯವಾಗಿದ್ದವು.

"ಯಾರಮ್ಮ ನಿಮ್ಮನ್ನ ಕರ್ಕೊಂಡು ಹೋಗಿದ್ದು?"

"ನನ್ನ ಕಾಲು. ಸ್ನಾನಕ್ಕೆ ಅಂತ ಬೋಲ್ಟ್ ತೆಗೆಸಿದೆ. ಅವನು ಫೋನಲ್ಲಿದ್ದ. ಮುಂಬಾಗಿಲಿಂದ ಹೊರಗೆ ಬಂದೆ. ಗೆಳತಿ ಮನೇಲಿದ್ದೆ. ಮಗಳಿಗೆ ಫೋನ್ ಮಾಡಿ ಬಾಯಿ ಬಿಡಬೇಡ ಅಂದೆ, ಪಾಪ ಅವಳ ಹಿಂದೆ ನೀವು ಬಿದ್ರಿ."

"ಯಾಕೆ ಹೊರಟಿರಿ?"

ಆಕೆ ಕರವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಮೂರು ಮಾತ್ರೆಗಳು, ಅಂಚು ಕರಗಿ, ಚೂರು ವಿಕಾರವಾಗಿ ಒಣಗಿದ್ದವು.

"ಬೀಪಿ ಮಾತ್ರೆ ಬದಲಾಗಿದೆ, ಡಾಕ್ಟ್ರು ಹೊಸದು ಬರ್ಕೊಟ್ಟಿದಾರೆ ಅಂದ. ಓದಿದ ಮಗ. ನುಂಗಿದೆ. ದಿನವೆಲ್ಲ ತಲೆ ಒದ್ದೆ ಬಟ್ಟೆ ಥರ. ಆ ಪರೀಕ್ಷೆಗೆ ಕರ್ಕೊಂಡು ಹೋದಾಗ ಎದುರಿಗಿದ್ದ ಡಾಕ್ಟ್ರು ಇಬ್ಬರಾಗಿ ಕಾಣ್ತಿದ್ರು. ಆಮೇಲೆ ಒಂದು ದಿನ ನುಂಗದೆ ದವಡೇಲಿ ಇಟ್ಕೊಂಡೆ. ಅವನು ಆ ಕಡೆ ಹೋದ ಮೇಲೆ ಉಗುಳಿದೆ. ತಲೆ ನೆಟ್ಟಗಿತ್ತು. ಮಾರನೇ ದಿನ ನುಂಗಿದೆ. ಮತ್ತೆ ಒದ್ದೆ ಬಟ್ಟೆ."

"ಅನುಮಾನ ಬಂದ ಮೇಲೂ ಯಾಕಮ್ಮ ನುಂಗಿದ್ರಿ?"

"ಮಗನ ಮೇಲೆ ಹೇಳೋ ಮಾತು. ಒಂದು ಸಲಕ್ಕೆ ಹೇಳೋಕಾಗುತ್ತಾ? ಮೂರು ಸಲ ಉಗುಳಿದೆ, ಮೂರು ಸಲ ನುಂಗಿದೆ. ಕೊನೇ ಸಲ ನುಂಗಿದ್ದು ಶನಿವಾರ."

ದಫೇದಾರ ಏನೋ ನೆನಪಾದವನಂತೆ ಕೆಮ್ಮಿದ. "ಅಮ್ಮ, ಇವತ್ತು ಯಾವ ವಾರ?"

"ನಿಂಗೆ ಗೊತ್ತಿಲ್ವಾ?" ಲಾಂಡ್ರಿ ಅಮ್ಮ ಕನಿಕರದಿಂದ ಕೇಳಿದಳು. "ಮಂಗಳವಾರ. ಯಾಕೆ, ನಿಂಗೂ ಮಾತ್ರೆ ಕೊಡ್ತಿದಾರಾ?"

ಮಹಿಳಾ ಪೇದೆ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು.

ಪಂಚರನ್ನು ಕರೆಸಿ ಮಾತ್ರೆಗಳನ್ನು ಜಪ್ತಿ ಮಾಡಿ, ಮೊಹರು ಹಾಕಿ, ಪಂಚನಾಮೆ ಬರೆದದ್ದಾಯಿತು. ಸಹಿಯ ಜಾಗದಲ್ಲಿ ಆಕೆ ಹೆಬ್ಬೆಟ್ಟು ಒತ್ತಿದಳು. ಇನ್‌ಸ್ಪೆಕ್ಟರ್ ಆ ಹೆಬ್ಬೆಟ್ಟನ್ನು ನೋಡುತ್ತ ಕೂತಳು.

"ಅಮ್ಮ, ನೀವು ಶಾಲೆಗೆ ಹೋಗಿದೀರಾ?"

"ಹೋಗಿದೀನಿ. ಮಗನ ಬಟ್ಟೆ ಕೊಡೋಕೆ, ಬಾಗಿಲ ತನಕ."

ಹನ್ನೆರಡಕ್ಕೆ ಪ್ರೊಫೆಸರರು ತಾಯಿಯನ್ನು ಕರೆದೊಯ್ಯಲು ಬಂದರು. ಅವರ ಹಿಂದೆಯೇ ಮೇಲಧಿಕಾರಿಯ ಫೋನು.

"ಸಿಕ್ಕಿದ್ರಲ್ಲ, ಮಗನ ಜೊತೆ ಕಳಿಸಿ ಕೇಸ್ ಮುಗಿಸಮ್ಮ."

"ಮಗನೇ ಮತ್ತಿನ ಮಾತ್ರೆ ಕೊಟ್ಟಿದಾರೆ ಅಂತ ಹೇಳಿಕೆ ಕೊಟ್ಟಿದಾರೆ ಸರ್."

"ಬುದ್ಧಿ ಸರಿಯಿಲ್ಲ ಅಂತ ಡಾಕ್ಟರ ವರದಿ ಇದೆ. ಅಂಥವರ ಹೇಳಿಕೆಗೆ ಏನು ಬೆಲೆ? ಆ ಕಡೆ ಯಾರಿದಾರೆ ನೋಡು. ಅಷ್ಟು ಓದಿದ ಮನುಷ್ಯ."

ಕೇಸಿನ ಗಂಟು ಇಲ್ಲೇ ಇತ್ತು. ಆಕೆ ಏನು ಹೇಳಿದರೂ ಅದು ಬುದ್ಧಿ ಕೆಟ್ಟವಳ ಮಾತು. ಬುದ್ಧಿ ಕೆಟ್ಟಿಲ್ಲ ಎಂದು ಆಕೆಯೇ ಹೇಳಿದರೆ ಅದೂ ಆ ಲೆಕ್ಕಕ್ಕೇ ಸೇರುತ್ತದೆ. ಮೇಲಿನವರಿಗೆ ಎದುರಾಡಿ ಇನ್‌ಸ್ಪೆಕ್ಟರಿಗೆ ಅಭ್ಯಾಸವಿರಲಿಲ್ಲ. ಆದರೂ ದನಿ ಹೇಗೋ ನೆಟ್ಟಗೆ ಬಂತು.

"ಕಳಿಸಲ್ಲ ಸರ್. ಸರ್ಕಾರಿ ಆಸ್ಪತ್ರೆಗೆ ವೈದ್ಯಕೀಯ ಪರೀಕ್ಷೆಗೆ ಕಳಿಸ್ತಾ ಇದೀನಿ. ಬೇಡ ಅಂದ್ರೆ ಲಿಖಿತ ಆದೇಶ ಕೊಡಿ, ಕೇಸ್ ಡೈರಿಗೆ ಹಚ್ತೀನಿ."

ಆ ಕಡೆ ಫೋನು ಇಟ್ಟ ಸದ್ದು. ಲಿಖಿತ ಆದೇಶ ಬರಲಿಲ್ಲ. ಆಕೆಯ ಮೂತ್ರದ ಮಾದರಿ ಮತ್ತು ಮಾತ್ರೆಗಳು ಅಂದು ಮಧ್ಯಾಹ್ನವೇ ವಿಶೇಷ ದೂತನ ಕೈಯಲ್ಲಿ ಪ್ರಯೋಗಾಲಯಕ್ಕೆ ಹೋದವು. ಪ್ರೊಫೆಸರರು ಹೋಗುವ ಮುಂಚೆ ತಾಯಿಯ ಎದುರು ನಿಂತರು.

"ಅಮ್ಮ, ಮನೆಗೆ ನಡಿ. ಎಲ್ಲರ ಮುಂದೆ ಮಾನ ಕಳೀಬೇಡ."

"ನೀನು ನಡಿ," ಎಂದಳು ಆಕೆ. "ನಂಗೆ ಇಲ್ಲಿ ಕೆಲಸ ಇದೆ."

*

ಮೊದಲ ವರದಿ ಕೊಟ್ಟ ವೈದ್ಯರು ಅರವತ್ತು ದಾಟಿದ, ಸಾವಧಾನದ ಮನುಷ್ಯ. ಬುಧವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮತ್ತು ದಫೇದಾರನನ್ನು ಕೂರಿಸಿ ಪರೀಕ್ಷೆಯ ವಿಡಿಯೋ ಹಾಕಿದರು. ಇಂಥ ಪರೀಕ್ಷೆಗಳನ್ನು ಚಿತ್ರೀಕರಿಸಿ ಇಡುವುದು ಅವರ ಪದ್ಧತಿ.

ಪರದೆಯ ಮೇಲೆ ಲಾಂಡ್ರಿ ಅಮ್ಮ ಕುರ್ಚಿಯಲ್ಲಿ ಕುಸಿದಂತೆ ಕೂತಿದ್ದಳು. ರೆಪ್ಪೆ ಅರ್ಧ ಮುಚ್ಚಿತ್ತು. ಪಕ್ಕದಲ್ಲಿ ಮಗ. ಗಡಿಯಾರದ ಚಿತ್ರ ಬರೆದು ಹನ್ನೊಂದು ಹತ್ತು ತೋರಿಸಿ ಎಂದರು ವೈದ್ಯರು. ಆಕೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಹಾಳೆಯ ಮೇಲೆ ಒಂದು ಗೀರು ಎಳೆದಳು. ಒಂದು ವಾಕ್ಯ ಬರೆಯಿರಿ ಎಂದರು. ಆಕೆ ಬರೆಯಲಿಲ್ಲ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ಆಕೆ ನಿದ್ದೆ ಹೋದಳು.

ಇದನ್ನು ನೋಡಿದರೆ ಯಾರಾದರೂ ಆ ವರದಿಯನ್ನೇ ಬರೆಯುತ್ತಿದ್ದರು.

"ಶುರುವಿನಿಂದ ಮತ್ತೊಮ್ಮೆ ಹಾಕ್ತೀರಾ ಸರ್?" ಇನ್‌ಸ್ಪೆಕ್ಟರ್ ಕೇಳಿದಳು.

ಎರಡನೆಯ ಸಲ ಅವಳು ಚಿತ್ರ ನೋಡಲಿಲ್ಲ, ಮಾತು ಕೇಳಿದಳು. ಪರೀಕ್ಷೆಗೆ ಮುಂಚೆ ವೈದ್ಯರ ಧ್ವನಿ: 'ಅಮ್ಮ ಎಲ್ಲಿಯವರೆಗೆ ಓದಿದ್ದಾರೆ?' ಮಗನ ಧ್ವನಿ, ತಡವರಿಸದೆ: 'ಹತ್ತನೇ ತರಗತಿ.' ಪರದೆಯಲ್ಲಿ ತಾಯಿ ಮೆಲ್ಲಗೆ ಕತ್ತು ತಿರುಗಿಸಿ ಮಗನ ಮುಖ ನೋಡಿದಳು. ಅಷ್ಟು ಮತ್ತಿನಲ್ಲೂ ನೋಡಿದಳು.

"ನಿಲ್ಲಿಸಿ. ಆಕೆ ಶಾಲೆ ಮೆಟ್ಟಿಲು ಹತ್ತಿಲ್ಲ ಸರ್. ನಮ್ಮ ಪಂಚನಾಮೆಗೆ ಹೆಬ್ಬೆಟ್ಟು ಹಾಕಿದಾರೆ."

ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶಾಲೆಗೇ ಹೋಗದವರಿಗೆ ಈ ಪರೀಕ್ಷೆ ಅಲ್ಲಮ್ಮ. ಅವರಿಗೆ ಬೇರೆ ಇದೆ. ಪೆನ್ಸಿಲ್ ಹಿಡಿದೇ ಗೊತ್ತಿಲ್ಲದವರಿಗೆ ಗಡಿಯಾರ ಬರೀ ಅಂದ್ರೆ ಏನು ಅರ್ಥ? ಅದಕ್ಕೇ ಮೊದಲು ಓದು ಕೇಳೋದು. ನಿದ್ದೆ ಮಾತ್ರೆ ಏನಾದ್ರೂ ಕೊಡ್ತಿದೀರಾ ಅಂತಲೂ ಕೇಳಿದೆ. ಇಲ್ಲ ಅಂದ್ರು."

"ನೀವು ಆಕೆಯನ್ನೇ ಕೇಳಬಹುದಿತ್ತು."

"ಕೇಳಬಹುದಿತ್ತು." ಅವರು ತಲೆಯಾಡಿಸಿದರು. "ಪ್ರಶ್ನೆ ಸರಿಯಾಗೇ ಕೇಳಿದೆ. ಉತ್ತರ ಯಾರಿಂದ ತಗೋಬೇಕು ಅನ್ನೋದರಲ್ಲಿ ಎಡವಿದೆ. ಅವರು ಅಷ್ಟು ಓದಿದವರು, ಅಲ್ಲವೇ?"

ದಫೇದಾರ ಆ ವಾರ ಎರಡನೆಯ ಸಲ ಟೋಪಿ ಸರಿ ಮಾಡಿಕೊಂಡ. ವೈದ್ಯರು ಹೇಳಿಕೆ ಕೊಟ್ಟು ಸಹಿ ಮಾಡಿದರು. ವಿಡಿಯೋದ ಪ್ರತಿ ಜಪ್ತಿಯಾಯಿತು.

ಸಂಜೆಯೊಳಗೆ ಇನ್ನೊಂದು ಕೊಂಡಿ ಕೂಡಿಕೊಂಡಿತು. ಪ್ರೊಫೆಸರರು ಔಷಧ ತರುವ ಅಂಗಡಿಯವನು, ಹೆಂಡತಿ ಹೋದಾಗಿನಿಂದ ಅವರು ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಚೀಟಿ ಸರಿಯಾಗಿದೆ, ಒಂದೂ ಹೆಚ್ಚಿಗೆ ಒಯ್ದಿಲ್ಲ ಎಂದ. ದಫೇದಾರ ಇದರಿಂದ ನಿರಾಳವಾಗಿ ಉಸಿರಾಡಿದ.

"ನೋಡಿ ಮೇಡಂ. ಹೆಚ್ಚಿಗೆ ತಗೊಂಡೇ ಇಲ್ಲ. ತಾಯಿಗೆ ಕೊಡೋಕೆ ಎಲ್ಲಿಂದ ಬರಬೇಕು?"

"ತಾವು ತಗೊಳೋದನ್ನ ಬಿಟ್ಟಿದ್ರೆ?" ಎಂದಳು ಇನ್‌ಸ್ಪೆಕ್ಟರ್.

*

ಗುರುವಾರ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಕರೆದೊಯ್ಯಲು ಲಾಂಡ್ರಿಗೆ ಹೋದಾಗ, ಆಸ್ಪತ್ರೆಯಿಂದ ಮಗಳ ಜೊತೆ ಅಲ್ಲಿಗೇ ಬಂದಿದ್ದ ಲಾಂಡ್ರಿ ಅಮ್ಮ ಹಟ ಹಿಡಿದಳು.

"ನಾನು ಬರಲ್ಲ. ನಂಗೆ ಬುದ್ಧಿ ಇದೆಯೋ ಇಲ್ವೋ ಅಂತ ಯಾರೋ ಮೂರು ಜನ ಕೂತು ಹೇಳಬೇಕಾ? ಐವತ್ತು ವರ್ಷ ಲಾಂಡ್ರಿ ನಡೆಸುವಾಗ ಯಾರನ್ನ ಕೇಳಿ ನಡೆಸಿದೆ?"

"ಅಮ್ಮ, ಬರದೇ ಇದ್ರೆ ಹಳೇ ವರದಿಯೇ ಗಟ್ಟಿ. ನಿಮ್ಮ ಹೇಳಿಕೆ ಕಾಗದಕ್ಕೆ ದಂಡ. ನಿಮ್ಮಗನ್ನ ನಾನು ಮುಟ್ಟೋಕೂ ಆಗಲ್ಲ. ನಿಮ್ಮನ್ನ ಮತ್ತೆ ಆ ಕೋಣೆಗೆ ಕಳಿಸಬೇಕಾಗುತ್ತೆ."

"ಬೋಲ್ಟ್ ಇರೋ ಕೋಣೆಗೆ."

"ಹೌದು."

ಆಕೆ ಮಗಳ ಕಡೆ ನೋಡಿದಳು. "ಸರಿ. ಅವರು ಕೇಳಲಿ. ಆದ್ರೆ ಕೊನೇಲಿ ನಾನೊಂದು ಕೇಳ್ತೀನಿ. ಅದಕ್ಕೆ ಒಪ್ಪಿದ್ರೆ ಬರ್ತೀನಿ."

ಮಂಡಳಿ ಒಪ್ಪಿತು. ಕೋಣೆಯ ಒಂದು ಕಡೆ ಮೂವರು ವೈದ್ಯರು, ಎದುರು ಆಕೆ. ಗೋಡೆಗೆ ಒರಗಿದ ಕುರ್ಚಿಯಲ್ಲಿ ಪ್ರೊಫೆಸರರು. ಬಾಗಿಲ ಬಳಿ ಇನ್‌ಸ್ಪೆಕ್ಟರ್. ಈ ಸಲ ಪೆನ್ಸಿಲ್ ಇರಲಿಲ್ಲ. ಹೇಳಿದ ಐದು ವಸ್ತುಗಳ ಹೆಸರನ್ನು ಹದಿನೈದು ನಿಮಿಷದ ಮೇಲೆ ನೆನಪಿಸಿಕೊಳ್ಳಬೇಕಿತ್ತು. ಆಕೆ ನಾಲ್ಕು ಹೇಳಿದಳು, ಐದನೆಯದು ಹೋಯ್ತು, ಹುಡುಕಲ್ಲ ಎಂದಳು. ರಸ್ತೆಯಲ್ಲಿ ಯಾರದೋ ಕೈಚೀಲ ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಿದರು. ಬೀಳಿಸಿಕೊಂಡವರು ಹುಡುಕಿಕೊಂಡು ಬರುವವರೆಗೆ ಅಲ್ಲೇ ನಿಲ್ಲುತ್ತೇನೆ ಎಂದಳು. ಲಾಂಡ್ರಿ ಯಾರಿಗೆ, ಯಾಕೆ ಎಂದು ಕೇಳಿದರು.

"ಮಗಳಿಗೆ. ಕೆಲಸದೋರು ತಪ್ಪು ಮಾಡಿದ್ರೆ ಅವಳ ಹತ್ರ ಬಂದು ಹೇಳ್ತಾರೆ. ಮಗನ ಹತ್ರ ಆದ್ರೆ ಮುಚ್ಚಿಡ್ತಾರೆ. ಮುಚ್ಚಿಟ್ಟ ತಪ್ಪಿಂದ ಲಾಂಡ್ರಿ ಮುಳುಗುತ್ತೆ."

ಮಂಡಳಿಯ ಹಿರಿಯ ವೈದ್ಯೆ ಪೆನ್ನು ಮುಚ್ಚಿದರು. "ಈಗ ನಿಮ್ಮ ಪ್ರಶ್ನೆ ಕೇಳಿ ಅಮ್ಮ."

"ನಿಮಗೆ ಮಕ್ಕಳಿದಾರಾ ತಾಯಿ?"

"ಒಬ್ಬ ಮಗ."

"ಓದಿದಾನಾ?"

"ಓದಿದಾನೆ."

"ಅವನು ಬೆಳಿಗ್ಗೆ ಒಂದು ಮಾತ್ರೆ ತಂದು, ಅಮ್ಮ ಇದನ್ನ ತಗೋ, ಡಾಕ್ಟ್ರು ಬದಲಾಯಿಸಿದಾರೆ ಅಂದ್ರೆ, ಏನು ಎತ್ತ ಕೇಳ್ತೀರಾ, ನುಂಗ್ತೀರಾ?"

ವೈದ್ಯೆ ಪಕ್ಕದವರ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ನುಂಗ್ತೀನಿ."

"ನಾನೂ ನುಂಗಿದೆ," ಎಂದಳು ಲಾಂಡ್ರಿ ಅಮ್ಮ. "ಅದಕ್ಕೆ ನಿಮ್ಮ ಹತ್ರ ಎಷ್ಟು ಮಾರ್ಕು ಇದೆ?"

ಪ್ರೊಫೆಸರರು ಎದ್ದು ಹೊರಗೆ ಹೋದರು.

ಆಕೆ ತನ್ನ ವ್ಯವಹಾರ ನೋಡಿಕೊಳ್ಳಲು, ಹೇಳಿಕೆ ಕೊಡಲು ಸಮರ್ಥಳು ಎಂದು ಮಂಡಳಿ ಎರಡು ಗಂಟೆಗೆ ಬರೆದುಕೊಟ್ಟಿತು. ಮೂರೂವರೆಗೆ ಪ್ರಯೋಗಾಲಯದಿಂದ ಪ್ರಾಥಮಿಕ ವರದಿ ಬಂತು. ಜಪ್ತಿಯಾದ ಮೂರೂ ನಿದ್ದೆಯ ಮಾತ್ರೆಗಳು. ಪ್ರೊಫೆಸರರ ಚೀಟಿಯಲ್ಲಿದ್ದದ್ದೇ. ಆಕೆಯ ಮೂತ್ರದಲ್ಲೂ ಅದೇ ಔಷಧದ ಅಂಶ. ಇನ್‌ಸ್ಪೆಕ್ಟರ್ ವರದಿಯನ್ನು ಎರಡು ಸಲ ಓದಿದಳು. ಆಮೇಲೆ ಹಳೆಯ ಎಫ್‌ಐಆರ್‌ನಿಂದ ತಂಗಿಯ ಹೆಸರು ಕೈಬಿಡುವ ವರದಿ ಬರೆದು, ತಾಯಿಯ ಹೇಳಿಕೆಯ ಮೇಲೆ ಹೊಸ ಪ್ರಕರಣ ದಾಖಲಿಸಿದಳು. ಆರೋಪಗಳು: ಮತ್ತಿನ ಔಷಧ ಕೊಟ್ಟದ್ದು, ಅಕ್ರಮ ಬಂಧನ, ಸುಳ್ಳು ಮಾಹಿತಿ ಕೊಟ್ಟು ವೈದ್ಯರ ವರದಿ ಪಡೆದದ್ದು.

"ಸಾಹೇಬರಿಗೆ ಫೋನ್ ಮಾಡಿ ಕೇಳೋಣವಾ ಮೇಡಂ?" ದಫೇದಾರ ಅಳುಕುತ್ತ ಕೇಳಿದ.

"ಅರೆಸ್ಟ್ ಮಾಡಿ ಆದ್ಮೇಲೆ ತಿಳಿಸೋಣ."

*

ಪ್ರೊಫೆಸರರು ಮನೆಯಲ್ಲೇ ಇದ್ದರು. ಬಾಗಿಲು ತೆರೆದೇ ಇತ್ತು. ಬಂಧನದ ಕಾರಣಗಳನ್ನು ಇನ್‌ಸ್ಪೆಕ್ಟರ್ ಓದಿ ಹೇಳಿದಳು. ಅವರ ಕಣ್ಣಿನ ಕೆಳಗೆ ಕಪ್ಪು ಉಂಗುರ ಕಟ್ಟಿತ್ತು.

"ಅಮ್ಮನಿಗೆ ಕೊಟ್ಟ ದಿನ ನೀವು ತಗೊಳ್ತಿರಲಿಲ್ಲ, ಅಲ್ವಾ ಸರ್?"

"ಹೌದು."

"ನಿದ್ದೆ?"

"ಬರ್ತಿರಲಿಲ್ಲ."

"ಲಾಂಡ್ರಿ ಬೇಕಿತ್ತಾ?"

"ನಂಗ್ಯಾಕೆ ಲಾಂಡ್ರಿ? ಆ ಹಬೆ ಮೂಗಿಗೆ ಬಡಿದ್ರೆ ಇವತ್ತಿಗೂ ತಲೆನೋವು." ಅವರು ಪಡಸಾಲೆಯ ಗೋಡೆಯತ್ತ ನೋಡಿದರು. "ಚಿನ್ನದ ಪದಕ ಬಂದ ದಿನ ಮನೆಗೆ ಓಡಿಬಂದು ತೋರಿಸಿದೆ. ಹಾಸುಬಟ್ಟೆ ಮಡಚ್ತಾ ಇದ್ಲು. ಕೈಗೆ ತಗೊಂಡು ತಿರುಗಿಸಿ ನೋಡಿ, 'ಇನ್ನು ಇದರಿಂದ ಏನು ಮಾಡ್ತೀಯ?' ಅಂದ್ಲು. ಅಷ್ಟೇ. ಪದಕ, ಡಾಕ್ಟರೇಟು, ಪುಸ್ತಕ, ಎಲ್ಲದಕ್ಕೂ ಅದೇ ಪ್ರಶ್ನೆ. ಈ ವರ್ಷ ಎಲ್ಲರ ಮುಂದೆ, ಲಾಂಡ್ರಿ ಮಗಳಿಗೆ, ಬುದ್ಧಿ ಇರೋಳು ಅವಳೊಬ್ಳೇ ಅಂದ್ಲು. ಫೇಲಾದೋಳಿಗೆ."

"ಅದಕ್ಕೆ?"

"ಅಮ್ಮನಿಗೇ ಬುದ್ಧಿ ಇಲ್ಲ ಅಂತ ಒಬ್ಬ ಡಾಕ್ಟರು ಬರೆದುಕೊಟ್ರೆ, ಅವಳು ನನ್ನ ಬಗ್ಗೆ ಹೇಳಿದ್ದಕ್ಕೂ ಬೆಲೆ ಇರಲ್ಲ. ಅಷ್ಟೇ ಬೇಕಿತ್ತು."

"ಹತ್ತನೇ ತರಗತಿ ಅಂತ ಯಾಕೆ ಹೇಳಿದ್ರಿ? ಶಾಲೆಗೆ ಹೋಗಿಲ್ಲ ಅಂದಿದ್ರೆ ಆ ವಿಡಿಯೋದಲ್ಲಿ ನಮಗೆ ಏನೂ ಸಿಗ್ತಿರಲಿಲ್ಲ."

"ಪ್ಲಾನ್ ಮಾಡಿ ಹೇಳಿದ್ದಲ್ಲ. ಕಾಲೇಜಿಗೆ ಸೇರಿದಾಗಿನಿಂದ ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದಿದೀನಿ. ಕೇಳಿದ ಕೂಡಲೇ ಬಾಯಿಗೆ ಬಂತು."

ಸಂಜೆ ಐದೂಕಾಲಿಗೆ ಬಂಧನದ ಕಾಗದಕ್ಕೆ ಅವರು ಸಹಿ ಮಾಡಿದರು. ಸುಂದರವಾದ ಸಹಿ. ಜೀಪಿನಲ್ಲಿ ದಫೇದಾರ ಅವರಿಗೆ ಜಾಗ ಬಿಟ್ಟು ಸರಿದು ಕೂತ. ಈ ಸಲ ಸೀಟು ಒರೆಸಲಿಲ್ಲ.

*

ಮಾರನೆಯ ದಿನ ಒಂದು ಪೂರಕ ಹೇಳಿಕೆಗೆ ಹೆಬ್ಬೆಟ್ಟು ಬೇಕಿತ್ತು. ಇನ್‌ಸ್ಪೆಕ್ಟರ್ ದಫೇದಾರನ ಜೊತೆ ಲಾಂಡ್ರಿಗೆ ಹೋದಳು. ಲಾಂಡ್ರಿ ಅಮ್ಮ ಮೇಜಿನ ತುದಿಯಲ್ಲಿ ನಿಂತು ಮಗಳ ಜೊತೆ ಬಟ್ಟೆ ಎಳೆಯುತ್ತಿದ್ದಳು. ಮಗ ಏನು ಹೇಳಿದ ಎಂದು ಕೇಳಿದಳು. ಇನ್‌ಸ್ಪೆಕ್ಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಪದಕದ ವಿಷಯವನ್ನೂ.

ಆಕೆ ಬಟ್ಟೆಯ ಅಂಚು ಬಿಡದೆ ಕೇಳಿಸಿಕೊಂಡಳು.

"ನಿಜವಾಗ್ಲೂ ಕೇಳಿದ್ದೆ ಕಣಮ್ಮ ನಾನು. ಇದರಿಂದ ಏನು ಮಾಡ್ತೀಯ ಅಂತ. ನಂಗೆ ಗೊತ್ತಿರಲಿಲ್ಲ. ಅವನು ಹೇಳ್ತಾನೆ ಅಂದ್ಕೊಂಡೆ."

ದಫೇದಾರನಿಗೆ ತಡೆಯಲಾಗಲಿಲ್ಲ. "ಒಂದು ಮಾತು ಹೇಳಿಬಿಡಿ ಅಮ್ಮ, ನೀನು ಜಾಣ ಅಂತ. ಒಳಗಿರೋ ಜೀವ, ಸಮಾಧಾನ ಆಗುತ್ತೆ. ಕೇಸೂ ಸ್ವಲ್ಪ ಸಡಿಲ ಮಾಡಬಹುದು."

"ಹೇಳಲ್ಲ. ಕೇಸೂ ವಾಪಸ್ ತಗೊಳಲ್ಲ." ಆಕೆಯ ದನಿ ಏರಲಿಲ್ಲ. "ಅವನು ಮಾತ್ರ ಅಲ್ಲ, ಇನ್ನು ಮೇಲೆ ಯಾರೇ ಬರಲಿ, ಓದಿಲ್ಲ ಅಂತ ನನ್ನ ಬಾಯಿಗೆ ಏನು ಹಾಕಿದ್ರೂ ನುಂಗ್ತಾಳೆ ಅಂದ್ಕೋಬಾರದು."

ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಒರೆಸಿಕೊಂಡು, ಮತ್ತೆ ಬಟ್ಟೆಯ ಅಂಚು ಹಿಡಿದಳು. ಇನ್‌ಸ್ಪೆಕ್ಟರ್ ಕಾಗದ ಮಡಚಿ ಹೊರಟಾಗ ಹಿಂದಿನಿಂದ ಕರೆದಳು.

"ಅಲ್ಲಿ ಅವನಿಗೆ ರಾತ್ರಿ ಮಾತ್ರೆ ಕೊಡ್ತಾರಾ? ಅದಿಲ್ದೆ ಅವನಿಗೆ ನಿದ್ದೆ ಬರಲ್ಲ."

"ಜೈಲಿನ ವೈದ್ಯರನ್ನ ಕೇಳಿ ಕೊಡ್ತಾರೆ ಅಮ್ಮ."

"ಕೊಡಲಿ. ಕೊಡೋರು ಅದು ಯಾವ ಮಾತ್ರೆ ಅಂತ ಅವನಿಗೆ ಹೇಳಿ ಕೊಡಲಿ."